ಕೆಂಪಗೆ ಹೊಳೆದದ್ದೆಲ್ಲ ಗಡ್ಡೆಯಲ್ಲ

ಒಂದು ಫೋಟೋದಿಂದ ಶುರು ಮಾಡ್ತೀನಿ. ನೀವೂ ಎಲ್ಲೋ ನೋಡಿರ್ತೀರಿ. ದೀಪ ಆರಿಸಿದ ಆಪರೇಶನ್ ಥಿಯೇಟರು, ಮೈಕ್ರೋಸ್ಕೋಪಿನಿಂದ ಇಳಿಯುವ ನೀಲಿ ಬೆಳಕು, ಆ ನೀಲಿಯ ನಡುವೆ ಕೆಂಡದ ಹಾಗೆ ಹೊಳೆಯುವ ಒಂದು ತುಂಡು ಮಿದುಳು. ಕೆಳಗೆ ಒಂದು ಸಾಲು: ಕ್ಯಾನ್ಸರ್ ಈಗ ತಾನೇ ಹೊಳೆದು ತೋರಿಸುತ್ತದೆ, ವೈದ್ಯರು ಹೊಳೆದದ್ದನ್ನಷ್ಟೇ ತೆಗೆಯುತ್ತಾರೆ, ಉಳಿದ ಮಿದುಳು ಕ್ಷೇಮ.

ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಈ ಫೋಟೋ ಬಂದದ್ದು ದೊಡ್ಡಮ್ಮನ ಮಗ, ನನ್ನ ಅಣ್ಣ, ತೀರಿಕೊಂಡು ಎಂಟು ತಿಂಗಳಾದ ಮೇಲೆ. ಅವನಿಗಿದ್ದದ್ದು ಗ್ಲಯೋಬ್ಲಾಸ್ಟೋಮಾ. ಮಿದುಳಿನಲ್ಲೇ ಹುಟ್ಟುವ ಗಡ್ಡೆಗಳಲ್ಲಿ ಅತಿ ಉಗ್ರವಾದದ್ದು ಅದು. ಆಪರೇಶನ್ ಬೆಂಗಳೂರಿನಲ್ಲಿ, ಮಾಮೂಲಿ ಬಿಳಿ ಬೆಳಕಿನಲ್ಲಿ ಆಗಿತ್ತು. ಫೋಟೋ ಬಂದ ರಾತ್ರಿಯೇ ಅತ್ತಿಗೆ ಫೋನ್ ಮಾಡಿದರು. "ಈ ಔಷಧಿ ನೀನಿರೋ ಜರ್ಮನಿಯದ್ದೇ ಅಂತೆ ಕಣೋ. ನಾವು ಅಲ್ಲಿಗೆ ಬಂದಿದ್ರೆ ಇವ್ರು ಉಳೀತಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಓದಿ ಹೇಳ್ತೀನಿ ಅತ್ತಿಗೆ" ಅಂದೆ. ಹೊರದೇಶದಲ್ಲಿರುವ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಕೆಲಸ ತಾನಾಗಿಯೇ ಬಂದು ಬೀಳುತ್ತದೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ "ನೀನು ಅಲ್ಲೇ ಇದ್ದೀಯಲ್ಲ, ವಿಚಾರಿಸಿ ನೋಡು" ಅಂತ ಊರಿನಿಂದ ಫೋನ್ ಬರುತ್ತೆ. ಈ ವಾರದ ಕಂತಿನಲ್ಲಿ ಇದನ್ನು ಅವಸರದಲ್ಲಿ ಹೇಳಿದ್ದೆ. ಇಲ್ಲಿ ನಿಧಾನವಾಗಿ, ಅಂಕಿಗಳ ಜೊತೆ ಬರೆಯುತ್ತಿದ್ದೇನೆ. ಪುಸ್ತಕವನ್ನೋ ಸಿನಿಮಾವನ್ನೋ ವಿಮರ್ಶೆ ಮಾಡುವ ಹಾಗೆಯೇ ಒಂದು ಫೋಟೋವನ್ನೂ ಅದರ ಬೆನ್ನಿಗಂಟಿಕೊಂಡು ಬರುವ ಕಥೆಯನ್ನೂ ವಿಮರ್ಶೆ ಮಾಡಬಹುದು. ನನ್ನ ತಕರಾರು ಆ ಬೆಳಕಿನ ಮೇಲಲ್ಲ. ಅದರ ಬಗ್ಗೆ ನಾವು ಹೇಳಿಕೊಳ್ಳುವ ಕಥೆಯ ಮೇಲೆ.

ಮೊಟ್ಟೆಯ ಚಿಪ್ಪೂ ಹೊಳೆಯುತ್ತದೆ

ಮೊದಲು, ಹೊಳೆಯುವುದು ಯಾವುದು?

ಅಮೈನೊಲೆವುಲಿನಿಕ್ ಆಮ್ಲ ಅಂತ ಒಂದು ಪದಾರ್ಥ ಇದೆ. ವೈದ್ಯರು ಚುಟುಕಾಗಿ 5-ಎಎಲ್ಎ ಅನ್ನುತ್ತಾರೆ. ಇದೇನೂ ಹೊರಗಿನ ಬಣ್ಣವಲ್ಲ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಣುವನ್ನು ದೇಹ ತಯಾರಿಸುವಾಗ ಆ ಕೆಲಸ ಶುರುವಾಗುವುದೇ ಇದರಿಂದ. ಆಪರೇಶನ್ನಿಗೆ ಅರಿವಳಿಕೆ ಕೊಡುವ ಸುಮಾರು ಮೂರು ಗಂಟೆ ಮೊದಲು ರೋಗಿಗೆ ಇದರ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಲೆಕ್ಕ. ಜೀವಕೋಶದೊಳಗೆ ಅದು ಹಂತ ಹಂತವಾಗಿ ಪ್ರೋಟೊಪೋರ್ಫಿರಿನ್ ಎಂಬ ವಸ್ತುವಾಗುತ್ತದೆ. ಮಾಮೂಲಿ ಕೋಶವಾದರೆ ಅದಕ್ಕೆ ಕಬ್ಬಿಣ ಸೇರಿಸಿ ಹೀಮ್ ಮಾಡಿ ಮುಗಿಸುತ್ತದೆ. ಹೀಮ್ ಹೊಳೆಯುವುದಿಲ್ಲ. ಗಡ್ಡೆಯ ಕೋಶಗಳಲ್ಲಿ ಈ ಕೊನೆಯ ಹಂತ ಕುಂಟುತ್ತದೆ, ಹಾಗಾಗಿ ಪ್ರೋಟೊಪೋರ್ಫಿರಿನ್ ಅಲ್ಲೇ ಶೇಖರವಾಗುತ್ತದೆ. ಅದರ ಮೇಲೆ ಸುಮಾರು 400 ನ್ಯಾನೋಮೀಟರಿನ ನೀಲಿ ಬೆಳಕು ಬಿದ್ದರೆ ಅದು ಕೆಂಪು ಬೆಳಕನ್ನು ಹೊರಗೆ ಕೊಡುತ್ತದೆ.

ಇದನ್ನು ನೀವೇ ಮನೆಯಲ್ಲಿ ನೋಡಬಹುದು. ಅಂಗಡಿಯಿಂದ ಕಂದು ಚಿಪ್ಪಿನ ಮೊಟ್ಟೆ ತನ್ನಿ. ನೋಟು ಅಸಲಿಯೋ ನಕಲಿಯೋ ಅಂತ ನೋಡುವ ನೇರಳೆ ಬೆಳಕಿನ ಪುಟ್ಟ ಟಾರ್ಚ್ ಇದ್ದರೆ ಸಾಕು. ಕೋಣೆ ಕತ್ತಲು ಮಾಡಿ ಮೊಟ್ಟೆಯ ಮೇಲೆ ಬೆಳಕು ಬಿಡಿ, ಕಣ್ಣಿಗೆ ಮಾತ್ರ ಬಿಟ್ಟುಕೊಳ್ಳಬೇಡಿ. ಚಿಪ್ಪು ಕೆಂಪಗೆ ಹೊಳೆಯುತ್ತದೆ. ಚಿಪ್ಪಿಗೆ ಕಂದು ಬಣ್ಣ ಕೊಡುವುದೂ ಇದೇ ಪ್ರೋಟೊಪೋರ್ಫಿರಿನ್.

ಮೊಟ್ಟೆಗೆ ಕ್ಯಾನ್ಸರ್ ಇಲ್ಲ. ಈ ಸಣ್ಣ ಮಾತನ್ನು ಕೊನೆಯ ತನಕ ನೆನಪಿನಲ್ಲಿಟ್ಟುಕೊಳ್ಳಿ. ಹೊಳಪು ಹೇಳುವುದು ಒಂದೇ ವಿಷಯ: ಇಲ್ಲಿ ಪ್ರೋಟೊಪೋರ್ಫಿರಿನ್ ಶೇಖರವಾಗಿದೆ. "ಇಲ್ಲಿ ಕ್ಯಾನ್ಸರ್ ಇದೆ" ಅನ್ನುವುದು ನಾವು ಅದರಿಂದ ಮಾಡುವ ಊಹೆ. ಬಹಳ ಸಲ ಸರಿಯಾಗುವ, ಉಪಯೋಗಕ್ಕೆ ಬರುವ ಊಹೆಯೇ. ಆದರೂ ಊಹೆ ಊಹೆಯೇ.

ಇಷ್ಟು ಕಷ್ಟ ಯಾಕೆ ಪಡಬೇಕು ಅಂತ ನೀವು ಕೇಳಬಹುದು. ಈ ಗಡ್ಡೆ ಒಂದು ಉಂಡೆಯ ಹಾಗೆ ಕೂತಿರುವುದಿಲ್ಲ. ಅದರ ಅಂಚು ಸುತ್ತಲಿನ ಮಿದುಳಿನೊಳಗೆ ನೀರು ಬಟ್ಟೆಗೆ ಇಳಿದ ಹಾಗೆ ಇಳಿದಿರುತ್ತದೆ. ಬಿಳಿ ಬೆಳಕಿನಲ್ಲಿ ಆ ಅಂಚೂ ಒಳ್ಳೆಯ ಮಿದುಳೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. 1998ರಲ್ಲಿ ಮ್ಯೂನಿಕ್‌ನ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು ಈ ಔಷಧಿ ಕುಡಿದ ರೋಗಿಗಳಲ್ಲಿ ಗಡ್ಡೆ ಹೊಳೆಯುವುದನ್ನು ವರದಿ ಮಾಡಿದಾಗ, ದಶಕಗಳಿಂದ ಕೈಯಂದಾಜಿನಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಒಂದು ಗುರುತು ಸಿಕ್ಕಿತು. ಅದು ಸಣ್ಣ ಸಾಧನೆಯಲ್ಲ.

ಪ್ರಯೋಗ ಹೇಳಿದ್ದು, ಫೋಟೋ ಬಿಟ್ಟದ್ದು

ಈಗ ಅಂಕಿಗಳಿಗೆ ಬರೋಣ. 1999ರಿಂದ 2004ರ ತನಕ ಜರ್ಮನಿಯ 17 ಆಸ್ಪತ್ರೆಗಳಲ್ಲಿ 322 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ನೀಲಿ ಬೆಳಕಿನ ಆಪರೇಶನ್, ಅರ್ಧ ಜನರಿಗೆ ಮಾಮೂಲಿ ಬಿಳಿ ಬೆಳಕಿನದು. 2006ರಲ್ಲಿ 270 ರೋಗಿಗಳ ಫಲಿತಾಂಶ ಪ್ರಕಟವಾಯಿತು. ಆಪರೇಶನ್ ಆದ ಮೇಲೆ ತೆಗೆದ ಎಂಆರ್‌ಐನಲ್ಲಿ ಕಾಣುವ ಗಡ್ಡೆ ಪೂರ್ತಿ ಹೋಗಿದ್ದದ್ದು ನೀಲಿ ಬೆಳಕಿನ ಗುಂಪಿನಲ್ಲಿ ಶೇ. 65 ಜನರಿಗೆ, ಬಿಳಿ ಬೆಳಕಿನ ಗುಂಪಿನಲ್ಲಿ ಶೇ. 36 ಜನರಿಗೆ. ಆರು ತಿಂಗಳಾದರೂ ಗಡ್ಡೆ ಮತ್ತೆ ಬೆಳೆಯದಿದ್ದವರು ಒಂದು ಕಡೆ ಶೇ. 41, ಇನ್ನೊಂದು ಕಡೆ ಶೇ. 21. ನಿಜವಾದ, ದೊಡ್ಡ ವ್ಯತ್ಯಾಸ. ಇದರ ಆಧಾರದ ಮೇಲೆ 2007ರಲ್ಲಿ ಯುರೋಪು, 2017ರಲ್ಲಿ ಅಮೆರಿಕ ಈ ಔಷಧಿಗೆ ಅನುಮತಿ ಕೊಟ್ಟವು.

ಆದರೆ ಅತ್ತಿಗೆ ಕೇಳಿದ್ದು ಎಂಆರ್‌ಐ ಬಗ್ಗೆ ಅಲ್ಲ. "ಉಳೀತಿದ್ರಾ" ಅಂತ. ಅದೇ ಪ್ರಯೋಗದಲ್ಲಿ ಬದುಕಿದ ಕಾಲದ ಮಧ್ಯಾಂಕ, ಅಂದರೆ ಅರ್ಧ ಜನ ದಾಟಿದ ಅರ್ಧ ಜನ ದಾಟದ ಗಡಿ, ನೀಲಿ ಬೆಳಕಿನವರಲ್ಲಿ 15.2 ತಿಂಗಳು, ಬಿಳಿ ಬೆಳಕಿನವರಲ್ಲಿ 13.5 ತಿಂಗಳು. ಈ ವ್ಯತ್ಯಾಸ ಅಕಸ್ಮಾತ್ತಾಗಿ ಬಂದದ್ದಲ್ಲ ಅಂತ ಹೇಳುವಷ್ಟು ದೊಡ್ಡದಾಗಿರಲಿಲ್ಲ.

2008ರಲ್ಲಿ ಅದೇ ಅಂಕಿಗಳನ್ನು ಇನ್ನೊಂದು ರೀತಿಯಲ್ಲಿ ಓದಿದರು. ಯಾವ ಬೆಳಕು ಅನ್ನುವುದನ್ನು ಪಕ್ಕಕ್ಕಿಟ್ಟು, ಗಡ್ಡೆ ಪೂರ್ತಿ ಹೋದವರನ್ನೂ ಸ್ವಲ್ಪ ಉಳಿದವರನ್ನೂ ಹೋಲಿಸಿದರು. ಆಗ 16.7 ತಿಂಗಳು, 11.8 ತಿಂಗಳು. "ಪೂರ್ತಿ ತೆಗೆದರೆ ಹೆಚ್ಚು ಬದುಕು" ಎಂಬ ಮಾತಿಗೆ ಇದು ಮುಖ್ಯ ಸಾಕ್ಷಿ. ಆದರೆ ಇಲ್ಲಿ ಎಚ್ಚರ ಬೇಕು. ಚೀಟಿ ಎತ್ತಿದ್ದು ಬೆಳಕಿಗೆ. ಗಡ್ಡೆ ಪೂರ್ತಿ ಹೋಗುವುದಕ್ಕೆ ಯಾರೂ ಚೀಟಿ ಎತ್ತಿರಲಿಲ್ಲ. ಪೂರ್ತಿ ತೆಗೆಯಲು ಬಂದದ್ದು ಹೆಚ್ಚಾಗಿ ಒಳ್ಳೆಯ ಜಾಗದಲ್ಲಿದ್ದ ಗಡ್ಡೆಗಳು. ಮಾತು, ಕೈಕಾಲು ಆಡಿಸುವ ಭಾಗದಿಂದ ದೂರ ಇದ್ದವು. ಸುಲಭದ ಪ್ರಶ್ನೆಪತ್ರಿಕೆ ಸಿಕ್ಕವರು ಹೆಚ್ಚು ಅಂಕ ತೆಗೆದರೆ ಅದು ಪೆನ್ನಿನ ಮಹಿಮೆಯಾ? ಸಂಶೋಧಕರೇ ವಯಸ್ಸು, ಗಡ್ಡೆಯ ಜಾಗ ಇವುಗಳ ವ್ಯತ್ಯಾಸ ಸರಿದೂಗಿಸಲು ಪ್ರಯತ್ನಪಟ್ಟರು, ಅದು ಪ್ರಾಮಾಣಿಕ ಕೆಲಸ. ಹಾಗಿದ್ದರೂ ಅದು ಚೀಟಿ ಎತ್ತಿದ ಪ್ರಯೋಗಕ್ಕೆ ಸಮನಾಗುವುದಿಲ್ಲ.

ಗಡ್ಡೆಯನ್ನು ಪೂರ್ತಿ ತೆಗೆದರೆ ಕಥೆ ಮುಗಿಯಿತು ಅನ್ನುವ ಆಸೆ ಹಳೆಯದು. 1928ರಲ್ಲಿ ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯ ಆ ಆಸೆಯನ್ನು ಕೊನೆಯವರೆಗೂ ಎಳೆದು ನೋಡಿದ. ಬಲಗಡೆಯ ಗಡ್ಡೆಯಿಂದ ಆಗಲೇ ಎಡಭಾಗ ಪಾರ್ಶ್ವವಾಯು ಬಡಿದಿದ್ದ ರೋಗಿಗಳ ಇಡೀ ಬಲ ಅರ್ಧಮಿದುಳನ್ನೇ ತೆಗೆದ. ಅಷ್ಟು ಮಾಡಿದರೂ ಗಡ್ಡೆ ಮರಳಿ ಬಂತು. ಅರ್ಧ ಮಿದುಳು ತೆಗೆದರೂ ಸಾಲದ ಕಾಯಿಲೆಗೆ ಇನ್ನೂ ಚೂಪಾದ ಅಂಚು ಸಾಕಾಗುತ್ತದೆ ಅಂತ ಫೋಟೋ ನಮಗೆ ಹೇಳುತ್ತಿದೆ.

ಇನ್ನೊಂದು ಹೋಲಿಕೆ. 2005ರಲ್ಲಿ ಪ್ರಕಟವಾದ 573 ರೋಗಿಗಳ ಪ್ರಯೋಗದಲ್ಲಿ ವಿಕಿರಣದ ಜೊತೆ ಟೆಮೊಜೊಲೊಮೈಡ್ ಎಂಬ ಮಾತ್ರೆ ಸೇರಿಸಿದಾಗ ಮಧ್ಯಾಂಕ 12.1ರಿಂದ 14.6 ತಿಂಗಳಿಗೆ ಏರಿತು. ಎರಡು ವರ್ಷ ದಾಟಿದವರು ಶೇ. 10ರಿಂದ ಶೇ. 26ಕ್ಕೆ ಏರಿದರು. ಇದು ಅಕಸ್ಮಾತ್ತಲ್ಲ ಅಂತ ಖಾತ್ರಿಯಾದ ಲಾಭ. ಆ ಮಾತ್ರೆ ಭಾರತದಲ್ಲಿ ಹಲವು ಕಂಪನಿಗಳ ಹೆಸರಿನಲ್ಲಿ ಸಿಗುತ್ತದೆ, ಅಣ್ಣನಿಗೂ ಕೊಟ್ಟಿದ್ದರು. ಆದರೆ ಮಾತ್ರೆಯ ಡಬ್ಬಿಯ ಫೋಟೋವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಗಡ್ಡೆಯೊಳಗೆ ನಮ್ಮವರೇ

ಫೋಟೋದ ಕಥೆಯಲ್ಲಿ ಇರುವುದು ಎರಡೇ ಪಾತ್ರ. ಹೊಳೆಯುವ ಶತ್ರು, ಹೊಳೆಯದ ನಮ್ಮ ಮಿದುಳು. ನನ್ನ ದೊಡ್ಡ ತಕರಾರು ಇಲ್ಲಿದೆ.

ಗ್ಲಯೋಬ್ಲಾಸ್ಟೋಮಾದಿಂದ ಒಂದು ಚೂರು ತೆಗೆದು ಅದರ ಕೋಶಗಳನ್ನು ಎಣಿಸಿದರೆ ಎಲ್ಲವೂ ಕ್ಯಾನ್ಸರ್ ಕೋಶಗಳಲ್ಲ. ಸುಮಾರು ಮೂರರಲ್ಲಿ ಒಂದು ಭಾಗ, ಕೆಲವೊಮ್ಮೆ ಅರ್ಧದಷ್ಟು, ನಮ್ಮದೇ ರೋಗನಿರೋಧಕ ಕೋಶಗಳು. ಅವುಗಳಲ್ಲಿ ಎರಡು ಬಗೆ ಮುಖ್ಯ. ಒಂದು ಮೈಕ್ರೋಗ್ಲಿಯಾ. ನಾವು ಗರ್ಭದಲ್ಲಿರುವಾಗಲೇ ಮಿದುಳಿಗೆ ಬಂದು ನೆಲೆಸಿ, ಜೀವನವಿಡೀ ಅಲ್ಲೇ ಕಸ ಗುಡಿಸಿಕೊಂಡು ಕಾವಲು ಕಾಯುವ ಕೋಶಗಳು. ಇನ್ನೊಂದು ಮ್ಯಾಕ್ರೋಫೇಜ್. ಮೂಳೆಯ ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲಿ ಸಾಗಿ, ಗಡ್ಡೆ ಕರೆದಾಗ ಒಳಗೆ ಬರುವ ನುಂಗುವ ಕೋಶಗಳು.

ಒಂದೊಂದು ಕೋಶವನ್ನೂ ಬೇರೆ ಮಾಡಿ ಅದರೊಳಗೆ ಯಾವ ಜೀನುಗಳು ಕೆಲಸ ಮಾಡುತ್ತಿವೆ ಅಂತ ಓದುವ ವಿಧಾನ ಈಗ ಇದೆ. 5-ಎಎಲ್ಎ ಕುಡಿದ ರೋಗಿಗಳ ಗಡ್ಡೆಯನ್ನು ಹೀಗೆ ಓದಿದಾಗ ಕಂಡದ್ದು ಇದು: ಹೊಳೆಯುವ ಕೋಶಗಳ ರಾಶಿಯಲ್ಲಿ ಮ್ಯಾಕ್ರೋಫೇಜುಗಳೂ ಇದ್ದವು, ಹೊಳೆಯದ ರಾಶಿಯಲ್ಲಿ ಕ್ಯಾನ್ಸರ್ ಕೋಶಗಳೂ ಇದ್ದವು. ಇದು ಶಸ್ತ್ರವೈದ್ಯರಿಗೆ ಪೂರ್ತಿ ಹೊಸದೇನಲ್ಲ. ಉರಿಯೂತ ಇರುವ ಜಾಗ, ಕೀವುಗಟ್ಟಿದ ಜಾಗ, ಹಿಂದೆ ವಿಕಿರಣ ಕೊಟ್ಟು ಹಾಳಾದ ಜಾಗ ಕೂಡ ಕೆಲವೊಮ್ಮೆ ಕೆಂಪಗಾಗುತ್ತದೆ ಅಂತ ಅವರು ಮೊದಲೇ ನೋಡಿದ್ದರು.

ಹೊಳೆಯದಿರುವುದಕ್ಕೂ ಹಲವು ಕಾರಣ. ಗಡ್ಡೆಯ ನಡುವೆ ಸತ್ತು ಕೊಳೆತ ಭಾಗ ಹೊಳೆಯುವುದಿಲ್ಲ, ಯಾಕೆಂದರೆ ಹೊಳೆಯುವ ವಸ್ತು ತಯಾರಾಗಲು ಕೋಶಕ್ಕೆ ಜೀವ ಬೇಕು. ನೀಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ಮೇಲೆ ಒಂದು ತೆಳುವಾದ ರಕ್ತದ ಪದರ ಇದ್ದರೂ ಕೆಳಗಿನದು ಕಾಣದು. ಗಡ್ಡೆಯ ಗಟ್ಟಿ ಭಾಗ ಕೆಂಪಗೆ, ಅಂಚು ತಿಳಿಗುಲಾಬಿ, ಅದರಾಚೆ ಏನೂ ಇಲ್ಲ. ಆದರೆ ಆಪರೇಶನ್ ಆದ ಮೇಲೆ ಗಡ್ಡೆ ಮರಳಿ ಬರುವುದು ಹೆಚ್ಚಾಗಿ ಆ ಕುಳಿಯ ಅಂಚಿನಿಂದ 2 ಸೆಂಟಿಮೀಟರ್ ಒಳಗೇ. ಅಂದರೆ ಬೆಳಕು ಮಂಕಾಗುವ ಜಾಗದಲ್ಲೇ ಮುಂದಿನ ಕಾಯಿಲೆ ಕೂತಿರುತ್ತದೆ.

ಹಾಗಾಗಿ ಒಳ್ಳೆಯ ಶಸ್ತ್ರವೈದ್ಯರು ಹೊಳಪನ್ನೇ ನಂಬಿ ಕತ್ತರಿಸುತ್ತಾ ಹೋಗುವುದಿಲ್ಲ. ಎಂಆರ್‌ಐ ನಕ್ಷೆ ನೋಡುತ್ತಾರೆ, ಕೈಕಾಲು ಆಡಿಸುವ ಭಾಗವನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ಗುರುತಿಸುತ್ತಾರೆ, ಬೇಕಾದರೆ ರೋಗಿಯನ್ನು ಎಚ್ಚರವಾಗಿಟ್ಟು ಮಾತಾಡಿಸುತ್ತಲೇ ಆಪರೇಶನ್ ಮಾಡುತ್ತಾರೆ. ಕೆಂಪಗೆ ಹೊಳೆದರೂ ಮಾತಿನ ಜಾಗವಾದರೆ ಬಿಟ್ಟುಬಿಡುತ್ತಾರೆ. "ಹೊಳೆದದ್ದನ್ನಷ್ಟೇ ತೆಗೆಯುತ್ತಾರೆ" ಎಂಬ ಸಾಲಿನಲ್ಲಿ ಈ ತೂಗಿ ನೋಡುವ ಕೆಲಸ ಎಲ್ಲೂ ಇಲ್ಲ.

ಸೈನಿಕ, ದ್ರೋಹಿ, ಕೆಲಸಗಾರ

ಕನ್ನಡದಲ್ಲಿ ವಿಜ್ಞಾನ ಓದಿದವರಿಗೆಲ್ಲ ಒಂದು ವಾಕ್ಯ ಬಾಯಿಪಾಠ: ಬಿಳಿ ರಕ್ತಕಣಗಳು ನಮ್ಮ ದೇಹದ ಸೈನಿಕರು. ನಾನೂ ಹಾಗೇ ಕಲಿತವನು. ಮಕ್ಕಳಿಗೆ ಹೇಳುವುದಕ್ಕೆ ಒಳ್ಳೆಯ ಹೋಲಿಕೆಯೇ. ಆದರೆ ಗಡ್ಡೆಯೊಳಗೆ ಅರ್ಧದಷ್ಟು ಸೈನಿಕರೇ ಕೂತಿದ್ದಾರೆ, ಆದರೂ ಗಡ್ಡೆ ಬೆಳೆಯುತ್ತಿದೆ ಅಂದಾಗ ಈ ಹೋಲಿಕೆ ಕೈ ಕೊಡುತ್ತದೆ.

ಆಗ ಎರಡನೇ ಹೋಲಿಕೆ ನಾಲಿಗೆಗೆ ಬರುತ್ತದೆ: ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಗಡ್ಡೆಯೊಳಗಿನ ಮ್ಯಾಕ್ರೋಫೇಜುಗಳು ಗಡ್ಡೆಗೆ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಇತರ ರೋಗನಿರೋಧಕ ಕೋಶಗಳನ್ನು ಸುಮ್ಮನಾಗಿಸುವ ಸಂಕೇತಗಳನ್ನು ಬಿಡುತ್ತವೆ. ಕಾವಲುಗಾರನೇ ಕಳ್ಳನ ಜೊತೆ ಸೇರಿದಂತೆ.

ಆದರೆ ಅವಕ್ಕೆ ದ್ರೋಹಿ ಅಂತ ಹೆಸರಿಡುವುದೂ ತಪ್ಪು. ನಿಮಗೆ ಅಡುಗೆಮನೆಯಲ್ಲಿ ಬೆರಳು ಕುಯ್ದುಕೊಂಡಾಗ ಇದೇ ಕೋಶಗಳು ಇದೇ ಕೆಲಸ ಮಾಡುತ್ತವೆ. ಮೊದಲು ಕಸ ನುಂಗುತ್ತವೆ, ಆಮೇಲೆ ಉರಿಯೂತ ತಣಿಸಿ, ಹೊಸ ರಕ್ತನಾಳ ಎಳೆಸಿ, ಗಾಯ ಮಾಯಿಸುತ್ತವೆ. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಎಂಬ ರೋಗಶಾಸ್ತ್ರಜ್ಞ ಗಡ್ಡೆಯನ್ನು ಮಾಯದ ಗಾಯ ಎಂದು ನೋಡಬೇಕು ಅಂತ ವಾದಿಸಿದ. ಗಡ್ಡೆ "ಇಲ್ಲಿ ಗಾಯವಾಗಿದೆ" ಎಂಬ ಸಂಕೇತ ಕಳಿಸುತ್ತಲೇ ಇರುತ್ತದೆ. ಕೋಶಗಳು ಬಂದು ರಿಪೇರಿ ಮಾಡುತ್ತಲೇ ಇರುತ್ತವೆ. ಅವು ಸೈನಿಕರೂ ಅಲ್ಲ, ದ್ರೋಹಿಗಳೂ ಅಲ್ಲ. ತಪ್ಪು ವಿಳಾಸಕ್ಕೆ ಕರೆಸಿಕೊಂಡ ಕೆಲಸಗಾರರು.

ಹೋಲಿಕೆಯ ಬಗ್ಗೆ ಇಷ್ಟೊಂದು ಯಾಕೆ ಜಗಳ ಅಂತೀರಾ? ಹೋಲಿಕೆ ಬದಲಾದರೆ ಚಿಕಿತ್ಸೆಯ ದಾರಿಯೂ ಬದಲಾಗುತ್ತದೆ. ದ್ರೋಹಿಗಳಾದರೆ ಅವನ್ನು ಕೊಲ್ಲಬೇಕು. ಹಾಗೆ ಪ್ರಯತ್ನಪಟ್ಟದ್ದೂ ಉಂಟು. ಈ ಕೋಶಗಳಿಗೆ ಬೇಕಾದ ಒಂದು ಸಂಕೇತವನ್ನು ತಡೆಯುವ ಔಷಧಿ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಸ್ವಾರಸ್ಯ ಏನೆಂದರೆ, 2013ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಇಲಿಯ ಗಡ್ಡೆಯೊಳಗಿನ ಮ್ಯಾಕ್ರೋಫೇಜುಗಳು ಸಾಯಲಿಲ್ಲ, ಅವುಗಳ ನಡತೆ ಬದಲಾಯಿತು. ಅದೇ ಸಂಕೇತವನ್ನು ತಡೆಯುವ ಔಷಧಿಯನ್ನು ಮರಳಿ ಬಂದ ಗ್ಲಯೋಬ್ಲಾಸ್ಟೋಮಾ ಇದ್ದ ಮನುಷ್ಯರಿಗೆ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ.

ನಿಜವಾಗಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ-ಕೋಶಗಳು ಈ ಗಡ್ಡೆಯೊಳಗೆ ತೀರ ಕಡಿಮೆ. ಅವು ಎಲ್ಲಿ ಹೋದವು ಅಂತ ಹುಡುಕಿದ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ವಿಚಿತ್ರ ಸಂಗತಿ ವರದಿ ಮಾಡಿದರು: ಅವು ಮೂಳೆಯ ಮಜ್ಜೆಯಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಕಾಯಿಲೆ ತಲೆಯಲ್ಲಿ, ಅದರ ಕೈವಾಡ ಸೊಂಟದ ಮೂಳೆಯ ತನಕ. ಮೇಲಿಂದ ಮಿದುಳಿನ ಊತ ಇಳಿಸಲು ಕೊಡಲೇಬೇಕಾದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಟಿ-ಕೋಶಗಳನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಮೈಕ್ರೋಸ್ಕೋಪಿನ ಕೆಳಗಿನ ಒಂದು ಹೊಳೆಯುವ ತುಂಡಿನ ಫೋಟೋದಲ್ಲಿ ಇದ್ಯಾವುದೂ ಬರಲು ಸಾಧ್ಯವಿಲ್ಲ.

ಕತ್ತರಿಸುವ ಮೊದಲು

ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧಿಗಳು ಚರ್ಮದ ಕ್ಯಾನ್ಸರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ದೊಡ್ಡ ಬದಲಾವಣೆ ತಂದವು. ಮಿದುಳಿನ ಗಡ್ಡೆಯಲ್ಲೂ ಆಗಬಹುದು ಎಂಬ ನಂಬಿಕೆಯಿಂದ ಮರಳಿ ಬಂದ ಗ್ಲಯೋಬ್ಲಾಸ್ಟೋಮಾದ 369 ರೋಗಿಗಳಲ್ಲಿ ನಿವೊಲುಮ್ಯಾಬ್ ಎಂಬ ಔಷಧಿಯನ್ನು ಹಳೆಯ ಔಷಧಿಯೊಂದರ ಜೊತೆ ಹೋಲಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಹೊಸದರಲ್ಲಿ 9.8 ತಿಂಗಳು, ಹಳೆಯದರಲ್ಲಿ 10 ತಿಂಗಳು.

ಹಾಗಂತ ಬಾಗಿಲು ಮುಚ್ಚಿಲ್ಲ. 2019ರಲ್ಲಿ ಪ್ರಕಟವಾದ 35 ರೋಗಿಗಳ ಒಂದು ಸಣ್ಣ ಪ್ರಯೋಗ ನನಗೆ ಬಹಳ ಕುತೂಹಲ ಹುಟ್ಟಿಸಿತು. ಇಲ್ಲೂ ಮರಳಿ ಬಂದ ಗಡ್ಡೆಯೇ, ಔಷಧಿ ಪೆಂಬ್ರೊಲಿಜುಮ್ಯಾಬ್. ಒಂದು ಗುಂಪಿಗೆ ಆಪರೇಶನ್ ಆದ ಮೇಲೆ ಮಾತ್ರ ಕೊಟ್ಟರು, ಇನ್ನೊಂದು ಗುಂಪಿಗೆ ಆಪರೇಶನ್ನಿಗೆ ಮೊದಲೂ ಕೊಟ್ಟರು. ಮೊದಲೂ ಕೊಟ್ಟವರಲ್ಲಿ ಮಧ್ಯಾಂಕ 13.7 ತಿಂಗಳು, ಆಮೇಲೆ ಮಾತ್ರ ಕೊಟ್ಟವರಲ್ಲಿ 7.5. ಇಷ್ಟು ಸಣ್ಣ ಪ್ರಯೋಗದ ಮೇಲೆ ಯಾರೂ ಮನೆ ಕಟ್ಟಬಾರದು. ಆದರೆ ಅದರ ಹಿಂದಿನ ವಿಚಾರ ನೋಡಿ. ಟಿ-ಕೋಶಗಳು ಶತ್ರುವಿನ ಮುಖ ಕಲಿಯಲು ಗಡ್ಡೆ ಅಲ್ಲೇ ಇರಬೇಕು. ಮೊದಲೇ ತೆಗೆದುಬಿಟ್ಟರೆ ಪಾಠದ ಪುಸ್ತಕವನ್ನೇ ಕಿತ್ತುಕೊಂಡ ಹಾಗೆ. ಹಾಗಿದ್ದರೆ ಎಷ್ಟು ತೆಗೆಯಬೇಕು ಎಂಬುದರ ಜೊತೆ ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಯೂ ಏಳುತ್ತದೆ. ಬೆಳಕಿನ ಫೋಟೋದ ಕಥೆಗೆ ಈ ಎರಡನೇ ಪ್ರಶ್ನೆ ಹೊಳೆಯುವುದೇ ಇಲ್ಲ.

2024ರ ಮಾರ್ಚಿನಲ್ಲಿ ಇನ್ನೊಂದು ಫೋಟೋ ಓಡಾಡಿತು. ಬಾಸ್ಟನ್ನಿನಲ್ಲಿ ಮೂವರು ರೋಗಿಗಳದೇ ಟಿ-ಕೋಶಗಳನ್ನು ಪ್ರಯೋಗಾಲಯದಲ್ಲಿ ತಿದ್ದಿ, ಮಿದುಳಿನ ದ್ರವದೊಳಕ್ಕೆ ಬಿಟ್ಟರು. ಕೆಲವೇ ದಿನಗಳಲ್ಲಿ ಎಂಆರ್‌ಐನಲ್ಲಿ ಗಡ್ಡೆ ಕರಗಿದ ಹಾಗೆ ಕಂಡಿತು. ಮೊದಲು, ಆಮೇಲೆ ಅಂತ ಅಕ್ಕಪಕ್ಕ ಇಟ್ಟ ಚಿತ್ರ ನಿಜಕ್ಕೂ ಉಸಿರು ಬಿಗಿಹಿಡಿಸುವಂಥದ್ದು. ಅದೇ ವರದಿಯಲ್ಲಿ, ಮೂವರಲ್ಲಿ ಇಬ್ಬರಿಗೆ ಆ ಫಲ ನಿಲ್ಲಲಿಲ್ಲ ಎಂದೂ ಬರೆದಿತ್ತು. ಚಿತ್ರ ಎಲ್ಲ ಕಡೆ ಹೋಯಿತು, ಆ ವಾಕ್ಯ ಅಷ್ಟು ದೂರ ಹೋಗಲಿಲ್ಲ.

ಫೋಟೋ ಒಂದು ಕ್ಷಣವನ್ನು ಹಿಡಿಯುತ್ತದೆ. ಈ ಕಾಯಿಲೆ ನಡೆಯುವುದು ತಿಂಗಳುಗಳಲ್ಲಿ.

ಅತ್ತಿಗೆಗೆ ಹೇಳಿದ್ದು

ಇಷ್ಟು ಓದಿದ ಮೇಲೆ ಬೆಳಕಿನ ಪರವಾಗಿ ಒಂದು ಮಾತು. ಅದು ಒಳ್ಳೆಯ ಸಾಧನ. ನನ್ನ ಮನೆಯವರಿಗೆ ನಾಳೆ ಈ ಗಡ್ಡೆ ಬಂದು, ಶಸ್ತ್ರವೈದ್ಯರು "ನೀಲಿ ಬೆಳಕು ಬಳಸ್ತೀವಿ" ಅಂದರೆ ನಾನು ಸಂತೋಷದಿಂದ ಒಪ್ಪುತ್ತೇನೆ, ಆಮೇಲೆ ಒಂದೆರಡು ದಿನ ಕಿಟಕಿಯ ಪರದೆ ಎಳೆದು ರೋಗಿಯನ್ನು ಬಿಸಿಲಿನಿಂದ ಕಾಪಾಡುತ್ತೇನೆ. ಗಡ್ಡೆ ಮರಳಿ ಬರುವುದನ್ನು ಮುಂದೂಡುವುದೂ ಲಾಭವೇ. ಔಷಧಿಯ ಬೆಲೆ ಹೆಚ್ಚು. ಅದಕ್ಕೇ ಭಾರತದ ಕೆಲವು ಕಡೆ ಫ್ಲೋರೆಸೀನ್ ಎಂಬ ಅಗ್ಗದ ಹಳದಿ ಬಣ್ಣವನ್ನು ಬಳಸುತ್ತಾರೆ, ಕಣ್ಣಿನ ಆಸ್ಪತ್ರೆಯಲ್ಲಿ ರೆಟಿನಾದ ಚಿತ್ರ ತೆಗೆಯಲು ಬಳಸುವುದೂ ಅದನ್ನೇ. ಅದು ಕೋಶದೊಳಗೆ ಶೇಖರವಾಗುವುದಲ್ಲ, ಹಾಳಾದ ರಕ್ತನಾಳದಿಂದ ಸೋರುವುದು. ಅದಕ್ಕೂ ಅದರದೇ ಮಿತಿಗಳಿವೆ.

ಊರಿನಿಂದ ನಿಮಗೂ ಇಂಥ ಫೋನ್ ಬಂದರೆ, "ಆ ಬೆಳಕು ಇದೆಯಾ" ಅನ್ನುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಗಡ್ಡೆ ಮಾತಿಗೆ, ಕೈಕಾಲಿಗೆ ಎಷ್ಟು ಹತ್ತಿರ ಇದೆ? ಎಷ್ಟು ತೆಗೆಯಬಹುದು, ತೆಗೆದರೆ ಏನು ಹೋಗಬಹುದು? ತೆಗೆದ ತುಂಡಿನ ಮೇಲೆ ಯಾವ ಪರೀಕ್ಷೆ ಮಾಡ್ತೀರಿ, ಟೆಮೊಜೊಲೊಮೈಡ್ ಕೆಲಸ ಮಾಡುವ ಸಾಧ್ಯತೆ ಎಷ್ಟು ಅಂತ ಅದರಿಂದ ಗೊತ್ತಾಗುತ್ತಾ? ವಿಕಿರಣ ಯಾವಾಗ ಶುರು? ಈ ಪ್ರಶ್ನೆಗಳನ್ನು ಬೆಂಗಳೂರಿನಲ್ಲೂ ಕೇಳಬಹುದು, ಬರ್ಲಿನ್ನಿನಲ್ಲೂ ಕೇಳಬಹುದು. ವಿಮಾನದ ಟಿಕೆಟ್ಟು ಬೇಕಾಗಿಲ್ಲ.

ಓದಿ ಮುಗಿಸಿದ ಭಾನುವಾರ ಅತ್ತಿಗೆಗೆ ಫೋನ್ ಮಾಡಿದೆ. "ಅತ್ತಿಗೆ, ಆ ಬೆಳಕು ಇದ್ದಿದ್ರೆ ಗಡ್ಡೆ ವಾಪಸ್ ಬರೋದು ಸ್ವಲ್ಪ ತಡ ಆಗ್ತಿತ್ತೋ ಏನೋ. ಒಬ್ಬರ ವಿಷಯದಲ್ಲಿ ಯಾರೂ ಖಂಡಿತ ಹೇಳಕ್ಕಾಗಲ್ಲ. ಆದ್ರೆ ಉಳಿಸೋ ಬೆಳಕು ಅದಲ್ಲ. ಜರ್ಮನಿಯಲ್ಲಿ ಆ ಬೆಳಕಲ್ಲಿ ಆಪರೇಶನ್ ಆದವರಿಗೂ ಸುಮಾರು ಅಷ್ಟೇ ಕಾಲ ಸಿಕ್ಕಿದ್ದು. ಅಣ್ಣ ಹದಿನಾರು ತಿಂಗಳು ನಮ್ಮ ಜೊತೆ ಇದ್ದ. ಬದುಕಿನ ಕಾಲ ಹೆಚ್ಚಿಸುತ್ತೆ ಅಂತ ಖಾತ್ರಿಯಾಗಿರೋ ಮಾತ್ರೆ, ವಿಕಿರಣ, ಎರಡನ್ನೂ ನೀವು ಕೊಡಿಸಿದ್ರಿ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಕೇಳಿದರು, "ಹಾಗಾದ್ರೆ ನಾನು ಮಾಡ್ದೆ ಬಿಟ್ಟಿದ್ದು ಏನೂ ಇಲ್ವೇನೋ?"

"ಏನೂ ಇಲ್ಲ ಅತ್ತಿಗೆ."

"ಸರಿ. ಈಗ ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರ್ದು ಕಳಿಸು. ಆ ಗ್ರೂಪಿಗೆ ಹಾಕ್ಬೇಕು."